ಕೈಜಾರುವ ಲೋಟ

ಪಿಯುಸಿ ಹುಡುಗಿಯ ಕೈಯಿಂದ ಬೆಳಬೆಳಗ್ಗೆ ಕಾಫಿ ಲೋಟ ಹಾರಿ ಬಿದ್ದರೆ ಮನೆಯಲ್ಲಿ ಸಿಗುವುದು ಬೈಗುಳ: "ಕೈಯಲ್ಲಿ ಜೀವ ಇಲ್ವೇನೇ?" ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಅಪಸ್ಮಾರ ಹೀಗೇ ಕಾಣಿಸಿಕೊಳ್ಳುತ್ತದೆ. ಎದ್ದ ಸ್ವಲ್ಪ ಹೊತ್ತಿಗೆ ಭುಜ, ಕೈ ತಟಕ್ಕನೆ ಅದುರುತ್ತವೆ. ಪರೀಕ್ಷೆಗೆಂದು ನಿದ್ದೆಗೆಟ್ಟ ಮರುದಿನ ಇನ್ನೂ ಜಾಸ್ತಿ. ಪ್ರಜ್ಞೆ ತಪ್ಪುವುದಿಲ್ಲವಲ್ಲ, ಹಾಗಾಗಿ ಯಾರೂ ಇದನ್ನು ಫಿಟ್ಸ್ ಅಂದುಕೊಳ್ಳುವುದಿಲ್ಲ. ದೊಡ್ಡ ಫಿಟ್ಸ್ ಬಂದು ಡಾಕ್ಟರ ಮುಂದೆ ಕೂತಾಗಲೂ ಲೋಟದ ಸುದ್ದಿ ಹೇಳಬೇಕೆಂದು ಹೊಳೆಯುವುದಿಲ್ಲ. (ಹೆಣ್ಣುಮಗಳಾದರೆ ಮುಂದಿನ ಮದುವೆಯ ಚಿಂತೆಯೂ ಬಾಯಿ ಕಟ್ಟುತ್ತದೆ.) ನನ್ನ ಪ್ರಕಾರ ಕೈ ಹೀಗೆ ಅದುರುವುದು ಮತ್ತೊಮ್ಮೆ ಕಂಡರೆ ಸಾಕು, ಮೊಬೈಲಿನಲ್ಲಿ ವಿಡಿಯೊ ಹಿಡಿದು ನರರೋಗ ತಜ್ಞರಿಗೆ ತೋರಿಸಬೇಕು. ಮಿದುಳಿನ ಇಇಜಿ ಪರೀಕ್ಷೆಯಲ್ಲಿ ಸಿಗದ್ದು ಕೆಲವೊಮ್ಮೆ ಆ ವಿಡಿಯೊದಲ್ಲಿ ಸಿಗುತ್ತದೆ. ಮೈಯೆಲ್ಲ ಸೆಟೆದು ಅದುರುವುದು 5 ನಿಮಿಷ ದಾಟಿತೋ, ವಿಡಿಯೊ ಬಿಟ್ಟು 108ಕ್ಕೆ ಫೋನ್ ಮಾಡಿ.