ಅಟ್ಟದ ಮೇಲಿನ ಊಟ

ಸಾಕುಪ್ರಾಣಿಗೆ ಯಾವ ಫುಡ್ ತರಬೇಕು ಅಂತ ಹೇಳುವ ಆ್ಯಪ್ ಒಂದನ್ನು ಡಿಸೈನ್ ಮಾಡ್ತಿದ್ದೇನೆ. ತಳಿ, ತೂಕ, ಈಗಿನ ಊಟ – ಇಷ್ಟನ್ನು ಮಂಚಿಕೇರಿಯಲ್ಲಿರುವ ಆಯಿಗೆ, ಅಂದರೆ ಅಮ್ಮನಿಗೆ, ಫೋನಿನಲ್ಲಿ ಕೇಳಿದೆ.

ತಳಿ? "ಬೆಕ್ಕು." ತೂಕ? "ಅಡಕೆ ತಕ್ಕಡೀಲಿ ಕೂತ್ಕತ್ತಿಲ್ಲೆ ಅದು." ಊಟ? "ಹಾಲು-ಅನ್ನ ಹಾಕ್ತಿ. ಉಳಿದದ್ದು ಅಟ್ಟದ ಮೇಲೆ ಇದ್ದಲ ತಮಾ!"

ನಗು ಬಂತು. ಆದರೆ ಗುಟ್ಟಿರೋದೇ ಅಟ್ಟದಲ್ಲಿ. ಬೆಕ್ಕಿಗೆ ಟಾರಿನ್ ಬೇಕೇ ಬೇಕು. ಅದು ಸಿಗೋದು ಮಾಂಸದಲ್ಲಿ, ಅನ್ನದಲ್ಲಲ್ಲ. ಕೊರತೆಯಾದರೆ ಕಣ್ಣು ಹೋಗುತ್ತದೆ; ಹೃದಯವೂ ಸೋಲುತ್ತದೆ ಅಂತ 1987ರಲ್ಲಿ ಅಮೆರಿಕದ ಪಶುವೈದ್ಯರು ತೋರಿಸಿಕೊಟ್ಟರು. ನಮ್ಮನೆ ಬೆಕ್ಕನ್ನು ಇಷ್ಟು ದಿನ ಕಾಪಾಡಿದ್ದು ಇಲಿ.

ಈ ಮಳೆಗಾಲಕ್ಕೆ ಆಯಿ ಬೆಂಗಳೂರಿಗೆ ಬರ್ತಾಳೆ, ಬೆಕ್ಕಿನ ಸಮೇತ. ಆರನೇ ಮಹಡಿಯಲ್ಲಿ ಅಟ್ಟವಿಲ್ಲ, ಇಲಿಯಿಲ್ಲ. ಅದೇ ಹಾಲು-ಅನ್ನ, ಅದೇ ಪ್ರೀತಿ ಇಲ್ಲಿ ಬೆಕ್ಕನ್ನು ಕುರುಡು ಮಾಡಬಹುದು. ಮೀನು-ಮಾಂಸ ಹೊಸ್ತಿಲು ದಾಟದ ಮನೆ ನಮ್ಮದು. ಪೊಟ್ಟಣ ಒಳಗೆ ಬರಬೇಕಾದರೆ ಮೊದಲು ಆಯಿ ಒಪ್ಪಬೇಕು.

ಹಾಗಾಗಿ ಆ್ಯಪಿನ ಮೊದಲ ಪ್ರಶ್ನೆ ಈಗ ಇದು: "ನಿಮ್ಮ ಬೆಕ್ಕು ಬೇಟೆಯಾಡುತ್ತದೆಯೇ?" ಇಲ್ಲ ಅಂದರೆ, ಪೊಟ್ಟಣದ ಮೇಲೆ 'ಸಂಪೂರ್ಣ ಆಹಾರ' ಅಂತಿದೆಯಾ ನೋಡಿ ಅನ್ನುತ್ತದೆ. ಬರೀ ಟ್ರೀಟ್ ಊಟವಲ್ಲ. ಬ್ರ್ಯಾಂಡು, ರೇಟು ಎಲ್ಲ ಆಮೇಲೆ.