ಅವಳ ಬೆನ್ನಿನ ಅಳತೆಯ ಬಸ್ಸು

ಅಂಗಡಿಯಲ್ಲಿ ದೊರೆಯುವ ಮಕ್ಕಳ ಸವಾರಿ ಗಾಡಿಗಳೆಲ್ಲ ಒಂದು ಊಹೆಯ ಮೇಲೆ ನಿಂತಿವೆ. ಕೂರುವ ಮಗುವಿನ ಬೆನ್ನು ತಾನಾಗಿಯೇ ನೆಟ್ಟಗಿರುತ್ತದೆ, ಪಾದಗಳು ನೆಲವನ್ನು ತಳ್ಳುತ್ತವೆ ಇಲ್ಲವೇ ಪೆಡಲನ್ನು ತುಳಿಯುತ್ತವೆ ಎಂಬುದೇ ಆ ಊಹೆ. ಬಹುಪಾಲು ಮಕ್ಕಳ ವಿಷಯದಲ್ಲಿ ಅದು ಸರಿ. ನನ್ನ ಮೊಮ್ಮಗಳ ವಿಷಯದಲ್ಲಿ ಸರಿಯಲ್ಲ. ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಸ್ಥಿತಿ ಅವಳದು. ಬುದ್ಧಿ ಚುರುಕು, ಮಾತು ತುಸು ತಡವರಿಸಿದರೂ ಎಡೆಬಿಡದೆ ಹರಿಯುತ್ತದೆ. ಆದರೆ ಬೆನ್ನಿನ ಮತ್ತು ಕಾಲಿನ ಸ್ನಾಯುಗಳು ಅವಳ ಆಜ್ಞೆಯನ್ನು ಪಾಲಿಸುವುದಿಲ್ಲ. ನೆರೆಮನೆಯ ಮಕ್ಕಳು ಅಂಗಳದಲ್ಲಿ ಮೂರು ಚಕ್ರದ ಸೈಕಲ್ ತುಳಿಯುವಾಗ ಅವಳು ಜಗಲಿಯ ಮೇಲೆ ದಿಂಬಿಗೆ ಒರಗಿ, ರಸ್ತೆಯಲ್ಲಿ ಹೋಗುವ ಬಸ್ಸುಗಳ ಹೆಸರು ಹೇಳುತ್ತಾ ಕೂರುತ್ತಿದ್ದಳು. ಓದಲು ಬಾರದ ನಾಲ್ಕು ವರ್ಷದ ಮಗು ಬಣ್ಣ ನೋಡಿಯೇ ಉಡುಪಿಯ ಬಸ್ಸು ಯಾವುದು, ಮಂಗಳೂರಿನ ಬಸ್ಸು ಯಾವುದು ಎಂದು ಗುರುತಿಸುತ್ತಿತ್ತು.

ಅವಳಿಗೊಂದು ಗಾಡಿ ಮಾಡಬೇಕೆಂದು ನಾನು ಹೊರಟದ್ದು 2022ರ ಡಿಸೆಂಬರಿನಲ್ಲಿ. ಮೂವತ್ತು ವರ್ಷ ಐಟಿಐಯಲ್ಲಿ ಫಿಟ್ಟರ್ ವಿಭಾಗದ ಹುಡುಗರಿಗೆ ಪಾಠ ಹೇಳಿದವನಿಗೆ ಕಬ್ಬಿಣದ ಕೊಳವೆ ಬೆಸೆದು ಚಕ್ರ ಕೂರಿಸುವುದು ದೊಡ್ಡ ಮಾತಲ್ಲ. ಆದರೆ ಕಬ್ಬಿಣ ಮಗುವಿನ ಬೆನ್ನಿನಂತೆ ಬಾಗುವುದಿಲ್ಲ. ಮರವನ್ನು ಹಾಗೆ ಕೆತ್ತಬಹುದಾದರೂ ಗಾಡಿ ಭಾರವಾಗುತ್ತದೆ. ಮಲ್ಪೆಯ ಸುತ್ತಮುತ್ತ ವಾಸಿಸುವವರಿಗೆ ಉತ್ತರ ಕಣ್ಣೆದುರಿಗೇ ಇತ್ತು. ಒಂದು ಕಾಲಕ್ಕೆ ಮರದಲ್ಲೇ ಆಗುತ್ತಿದ್ದ ನಾಡದೋಣಿಗಳ ಜಾಗಕ್ಕೆ ಈಗ ಫೈಬರ್ ದೋಣಿಗಳು ಬಂದಿವೆ. ಗಾಜನ್ನು ಕರಗಿಸಿ ಕೂದಲಿಗಿಂತ ಸಪುರಾದ ಎಳೆಗಳನ್ನಾಗಿ ಎಳೆದು, ಆ ಎಳೆಗಳ ಹಾಸನ್ನು ಅಚ್ಚಿನ ಮೇಲೆ ಹರಡಿ, ರೆಸಿನ್ ಎಂಬ ಅಂಟುದ್ರವವನ್ನು ಕುಡಿಸಿದರೆ ಅದು ಅಚ್ಚಿನ ಆಕಾರದಲ್ಲೇ ಗಟ್ಟಿಯಾಗುತ್ತದೆ. ಅಮೆರಿಕದ ಷೆವರ್ಲೆ ಸಂಸ್ಥೆ 1953ರಲ್ಲಿ ಹೊರತಂದ ಕಾರ್ವೆಟ್ ಕಾರಿನ ಮೈ ಇದರಿಂದಲೇ ಆದದ್ದು. ಆ ಮೊದಲ ವರ್ಷ ತಯಾರಾದವು 300 ಮಾತ್ರ. ನಮ್ಮ ಬೆಂಗಳೂರಿನ ಸಿಪಾನಿ ಸಂಸ್ಥೆಯೂ 1980ರ ದಶಕದಲ್ಲಿ ಡಾಲ್ಫಿನ್ ಎಂಬ ಪುಟ್ಟ ಫೈಬರ್ ಕಾರನ್ನು ಮಾರಿತ್ತು. ಹಿರಿಯ ಓದುಗರಲ್ಲಿ ಕೆಲವರಾದರೂ ಅದನ್ನು ಕಂಡಿರಬಹುದು.

ದೋಣಿ ಕೆಲಸದ ಪರಿಚಿತರೊಬ್ಬರು ನನ್ನ ಗುರುಗಳಾದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. "ಮಾಸ್ಟ್ರೇ, ಮಳೆಗಾಲದಲ್ಲಿ ನೀವು ಕೇಳಿದ್ದರೆ ನಾನು ಬರುತ್ತಿರಲಿಲ್ಲ" ಎಂದರು. ಜೂನ್, ಜುಲೈ ತಿಂಗಳ ಮೀನುಗಾರಿಕಾ ನಿಷೇಧದ 61 ದಿನ ಬೋಟುಗಳೆಲ್ಲ ದಡ ಸೇರುವುದರಿಂದ ದುರಸ್ತಿಯವರಿಗೆ ಬಿಡುವಿರುವುದಿಲ್ಲ. ಅಲ್ಲದೆ ಗಾಜಿನ ಹಾಸಿಗೆ ತೇವ ತಗಲಿದರೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲವಂತೆ. ಡಿಸೆಂಬರಿನ ಒಣ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ಯಾವ ಆಕಾರದ ಗಾಡಿ ಬೇಕೆಂದು ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆವು. "ಬಸ್ಸು ಅಜ್ಜ, ನೀಲಿ ಬಸ್ಸು. ಡ್ರೈವರ್ ನಾನು, ಕಂಡಕ್ಟರ್ ನೀನು" ಎಂದು ಅಲ್ಲಿಯೇ ನನಗೆ ಉದ್ಯೋಗವನ್ನೂ ಕೊಟ್ಟಳು.

ಎಲ್ಲಕ್ಕಿಂತ ಮೊದಲು ಮಾಡಿದ್ದು ಆಸನ. ವಾರಕ್ಕೆರಡು ಬಾರಿ ಅವಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ತಾವಾಗಿಯೇ ನೆರವಿಗೆ ಬಂದರು. ಮುರಿದ ಮೂಳೆಗೆ ಹಾಕುವ ಪ್ಲಾಸ್ಟರ್ ಪಟ್ಟಿಯ ಸುರುಳಿಗಳನ್ನು ಔಷಧದಂಗಡಿಯಿಂದ ತಂದೆವು. ನನ್ನ ಮಗಳು ಮಂಚದ ಅಂಚಿನಲ್ಲಿ ಕುಳಿತು ಮಗುವನ್ನು ತನಗೆ ಎದುರಾಗಿ ತೊಡೆಯ ಮೇಲೆ ಕೂರಿಸಿಕೊಂಡು ತಬ್ಬಿಕೊಂಡಳು. ಥೆರಪಿಸ್ಟ್ ಎರಡೂ ಕೈಗಳಿಂದ ಸೊಂಟವನ್ನು ಓರೆಯಾಗದಂತೆ ಹಿಡಿದರು. ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿದ ಆ ಪುಟ್ಟ ಬೆನ್ನಿನ ಮೇಲೆ ನಾನು ಒದ್ದೆ ಪಟ್ಟಿಗಳನ್ನು ಪದರ ಪದರವಾಗಿ ಒತ್ತುತ್ತಾ ಹೋದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬೆಚ್ಚಗಾಗುತ್ತದೆ. "ಅಮ್ಮಾ, ಬೆನ್ನಿಗೆ ಬಿಸಿಲು ಬಿತ್ತು" ಎಂದಳು ಮಗು. ಅಷ್ಟು ಹೊತ್ತು ಅಲುಗಾಡದೆ ಕೂರಬೇಕಲ್ಲ. ಅವಳ ತಾಯಿ ಮಂಗಳೂರಿನವರೆಗಿನ ಸ್ಟಾಪುಗಳನ್ನೆಲ್ಲ ಒಂದೊಂದಾಗಿ ಕೇಳುತ್ತಾ ಹೋದಳು. ಮೂಲ್ಕಿ ದಾಟುವಷ್ಟರಲ್ಲಿ ಪ್ಲಾಸ್ಟರ್ ಕಳಚಲು ಸಿದ್ಧವಾಗಿತ್ತು.

ಆ ಚಿಪ್ಪಿನೊಳಗೆ ಪ್ಲಾಸ್ಟರ್ ಸುರಿದು ಒಣಗಿಸಿದಾಗ ಮೊಮ್ಮಗಳ ಬೆನ್ನು ನಮ್ಮ ಬೆಂಚಿನ ಮೇಲೆ ಬಿಳಿಯಾಗಿ ನಿಂತಿತು. ಬಲಕ್ಕೆ ತುಸು ಬಾಗಿದ ಬೆನ್ನು. ದಿನವೂ ಸ್ನಾನ ಮಾಡಿಸುವ ನನ್ನ ಮಗಳು ಅದನ್ನು ಬಹಳ ಹೊತ್ತು ನೋಡುತ್ತಾ ನಿಂತಳು, ಏನೂ ಹೇಳಲಿಲ್ಲ. ಆ ಬಾಗನ್ನು ಉಜ್ಜಿ ನೇರ ಮಾಡಿ ಆಸನ ತಯಾರಿಸೋಣವೇ ಎಂದು ಥೆರಪಿಸ್ಟರನ್ನು ಕೇಳಿದವಳೂ ಅವಳೇ. ಅವರು ಬೇಡವೆಂದರು. ಆಸನ ಮೊದಲು ಬೆನ್ನನ್ನು ಹೊರಬೇಕು. ಒತ್ತಿ ತಿದ್ದಲು ಹೋದರೆ ನೋವಾಗುತ್ತದೆ, ನೋವಾದರೆ ಮಗು ಮತ್ತೆ ಗಾಡಿಯನ್ನು ಹತ್ತುವುದಿಲ್ಲ, ಪಕ್ಕೆಗೆ ಒಂದು ಮೆತ್ತೆಯ ಆಧಾರ ಕೊಟ್ಟರೆ ಸಾಕು ಎಂಬುದು ಅವರ ಅಭಿಪ್ರಾಯ. ಹಾಗೆಯೇ ಮಾಡಿದೆವು.

ಬಸ್ಸಿನ ಮೈಗೆ ಅಚ್ಚು ಮಾಡಿದ ಬಗೆ ಸರಳವಾದದ್ದು, ಆಸಕ್ತರಿಗಾಗಿ ಹೇಳುತ್ತೇನೆ. ಪ್ಲೈವುಡ್ಡಿನ ಪೆಟ್ಟಿಗೆ, ಒಳಮೈಗೆ ನುಣುಪಾದ ಸನ್ಮೈಕಾ, ಮೂಲೆಗಳನ್ನು ದುಂಡಗಾಗಿಸಲು ಮಕ್ಕಳ ಆಟದ ಜೇಡಿ. ಇಡೀ ಒಳಮೈಗೆ ಮೇಣ ತಿಕ್ಕಿದ ಮೇಲೆ ನೀಲಿ ಬಣ್ಣ ಬೆರೆಸಿದ ಜೆಲ್ ಕೋಟ್ ಬಳಿದೆವು. ಬಣ್ಣ ಮೈಯಲ್ಲೇ ಇರುವುದರಿಂದ ಸಣ್ಣಪುಟ್ಟ ಗೀರು ಬಿದ್ದರೂ ಎದ್ದು ಕಾಣುವುದಿಲ್ಲ. ಅದು ಬೆರಳಿಗೆ ಅಂಟಂಟಾಗುವ ಹದಕ್ಕೆ ಬಂದಾಗ ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ಹಾಸಿನ ಎರಡು ಪದರಗಳನ್ನು ಒಂದರ ಮೇಲೊಂದು ಹಾಸಿ ರೆಸಿನ್ ಕುಡಿಸಿದೆವು. ಒಂದು ಕಿಲೋ ರೆಸಿನ್‌ಗೆ ಹಾರ್ಡ್‌ನರ್ 10ರಿಂದ 20 ಮಿಲಿಲೀಟರ್ ಮಾತ್ರ. ಹಾಸಿನೊಳಗೆ ಗಾಳಿಗುಳ್ಳೆ ಉಳಿದರೆ ಆ ಜಾಗ ಟೊಳ್ಳು. ಆದ್ದರಿಂದ ಬ್ರಶ್ಶನ್ನು ಎಳೆಯದೆ ಕುಟ್ಟುತ್ತಾ ಹೋಗಬೇಕು. ನನ್ನ ಗುರುಗಳು ಕಿವಿಯಿಂದಲೇ ಗುಳ್ಳೆ ಕಂಡುಹಿಡಿಯುತ್ತಿದ್ದರು. ಒಣಗಿದ ಮೈಯನ್ನು ನಾಣ್ಯದಿಂದ ತಟ್ಟಿ, ಸದ್ದು ಮಂಕಾದಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕುವರು.

ಇಲ್ಲಿ ಒಂದೆರಡು ಎಚ್ಚರಿಕೆಯ ಮಾತು ಅಗತ್ಯ. ಹಾರ್ಡ್‌ನರ್ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ; ಕನ್ನಡಕ ಧರಿಸದೆ ಅದರ ಡಬ್ಬಿಯನ್ನು ತೆರೆಯಬಾರದು. ಅದನ್ನೂ ಕೋಬಾಲ್ಟ್ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕದಡಿದ ಮೇಲೆಯೇ ಇನ್ನೊಂದರ ಸರದಿ. ರೆಸಿನ್‌ನ ಘಾಟು ತಲೆ ಸುತ್ತಿಸುತ್ತದೆ; ಆದ್ದರಿಂದ ಕೆಲಸವೆಲ್ಲ ಬಯಲಿನಲ್ಲೇ ನಡೆಯಿತು. ಗಾಜಿನ ಧೂಳಿಗೆ ಮಾಸ್ಕ್ ಬೇಕೇ ಬೇಕು. ಚರ್ಮದ ತುರಿಕೆಗೆ ಬಿಸಿನೀರು ಸಲ್ಲದು, ತಣ್ಣೀರೇ ಲೇಸು. ಮೂರು ವಾರ ಬಿಸಿಲು ಗಾಳಿ ಕಂಡು ವಾಸನೆ ಪೂರ್ತಿ ಹೋಗುವವರೆಗೆ ಮಗುವನ್ನು ಗಾಡಿಯ ಹತ್ತಿರ ಬಿಡಲಿಲ್ಲ. ಕತ್ತರಿಸಿದ ಅಂಚುಗಳಿಗೆಲ್ಲ ರಬ್ಬರ್ ಪಟ್ಟಿ ತೊಡಿಸಿದೆವು. ಎಲ್ಲ ಮುಗಿದಾಗ ಬಸ್ಸಿನ ಮೈ ತೂಗಿದ್ದು ಕೇವಲ 5 ಕಿಲೋ. ಗುಜರಿಯಿಂದ ತಂದ ಕಾರಿನ ವೈಪರ್ ಮೋಟರು, ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ, ಒಂದು ಫ್ಯೂಸ್. ವೇಗ ನಿಮಿಷಕ್ಕೆ ಸುಮಾರು 40 ಮೀಟರ್. ನಾನು ನಡೆದೇ ಹಿಂಬಾಲಿಸಬಹುದಾದ ವೇಗ.

ಇಷ್ಟರಲ್ಲಿ ಮನೆಯೊಳಗೆ ಬೇರೊಂದು ಚರ್ಚೆ ನಡೆದಿತ್ತು. "ಅಲ್ಲ ಮಾರಾಯ್ರೇ, ಕೂತಲ್ಲೇ ಓಡಾಡ್ಲಿಕ್ಕೆ ಅಭ್ಯಾಸ ಆದ್ರೆ ಮಗು ನಡೆಯುವುದು ಯಾವಾಗ?" ಎಂದು ನನ್ನ ಪತ್ನಿ ಕೇಳಿದಳು. ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಕೋಲ್ ಗ್ಯಾಲೊವೇ ಎಂಬ ಪ್ರಾಧ್ಯಾಪಕರು ಇಂತಹ ಮಕ್ಕಳಿಗಾಗಿ ಅಂಗಡಿಯ ಆಟದ ಕಾರುಗಳನ್ನೇ ಮಾರ್ಪಡಿಸುವ 'ಗೋ ಬೇಬಿ ಗೋ' ಎಂಬ ಕಾರ್ಯವನ್ನು ಆರಂಭಿಸಿದ್ದನ್ನು ಥೆರಪಿಸ್ಟ್ ವಿವರಿಸಿದರು. ಅಲ್ಲಿ ಕಾಲಿನ ಪೆಡಲಿನ ಬದಲು ಅಂಗೈಯಗಲದ ಗುಂಡಿ. ಮಗು ಎದ್ದು ನಿಂತಾಗ ಮಾತ್ರ ಚಲಿಸುವ ಕಾರುಗಳನ್ನೂ ಅಲ್ಲಿ ಮಾಡಿದ್ದಾರೆ. ತಾನಾಗಿ ಚಲಿಸಿದ ಮಗುವಿಗೆ ಇನ್ನಷ್ಟು ಚಲಿಸುವ ಆಸೆ ಹುಟ್ಟುತ್ತದೆ ಎಂಬುದು ಅವರ ಅನುಭವ. ನಮ್ಮ ಬಸ್ಸಿನ ಗುಂಡಿಯನ್ನು ಅವರು ಬೇಕೆಂದೇ ಎಡಗಡೆಗೆ ಹಾಕಿಸಿದರು. ಮೊಮ್ಮಗಳ ಎಡಗೈ ಬಿಗಿ. ವ್ಯಾಯಾಮಕ್ಕೆ ಬಿಚ್ಚೆಂದರೆ ಅಳು. ಬಸ್ಸು ಮುಂದೆ ಹೋಗಬೇಕಾದರೆ ಆ ಮುಷ್ಟಿ ಬಿಚ್ಚಲೇಬೇಕು.

2023ರ ಜನವರಿಯ ಒಂದು ಸಂಜೆ ಅವಳನ್ನು ಆಸನದಲ್ಲಿ ಕೂರಿಸಿ ಪಟ್ಟಿ ಬಿಗಿದೆವು. ಬೆನ್ನು ಚಿಪ್ಪಿನಲ್ಲಿ ಕೂತ ಹಾಗೆ ಕೂತಿತು. ದಿಂಬು ಬೇಡ, ಹಿಡಿಯುವ ಕೈ ಬೇಡ. ಮೂರು ನಾಲ್ಕು ಸಲ ಎಡಗೈ ಗುಂಡಿಯ ಪಕ್ಕಕ್ಕೆ ಜಾರಿತು. ಆಮೇಲೆ ಬಸ್ಸು ಹೊರಟಿತು. ನಾನು ಕಂಡಕ್ಟರನಾಗಿ "ರೈಟ್, ರೈಟ್" ಎಂದು ಕೂಗಿದೆ. ಅಂಗಳದ ಉದ್ದಕ್ಕೂ ಹೋದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹಿಂದಿರುಗುವಳೆಂದು ನಾವು ಎಣಿಸಿದ್ದ ಕಡೆ ತಿರುಗದೆ ಹಲಸಿನ ಮರದ ಹಿಂದಕ್ಕೆ ಹೋಗಿ ನಿಂತಳು. ತಾಯಿ ಕರೆದಳು. ಉತ್ತರವಿಲ್ಲ. ಮತ್ತೆ ಕರೆದಾಗ ಮರದ ಹಿಂದಿನಿಂದ ತಡೆಹಿಡಿದ ನಗು ಕೇಳಿಸಿತು. ಹುಟ್ಟಿದಂದಿನಿಂದ ಯಾರಾದರೂ ಎತ್ತಿ ಇಟ್ಟ ಜಾಗದಲ್ಲೇ ಇದ್ದ ಮಗು ಅದು. ಅಡಗಿ ಕೂರುವುದು, ಕರೆದರೂ ಬಾರದಿರುವುದು ಅವಳಿಗೆ ಅಂದಿನವರೆಗೆ ಸಾಧ್ಯವೇ ಇರಲಿಲ್ಲ. ನನ್ನ ಮಗಳು ಕಣ್ಣೊರೆಸಿಕೊಳ್ಳುತ್ತಲೇ ಗದರಿಸಿದಳು: "ಬರ್ತೀಯಾ ಇಲ್ವಾ?" ಬರಲಿಲ್ಲ. ಅವಳನ್ನು ಕರೆತರಲು ಹೊರಟ ನನ್ನನ್ನು ಪತ್ನಿಯೇ ತೋಳು ಹಿಡಿದು ನಿಲ್ಲಿಸಿದಳು.

ಈಗ ಮೊಮ್ಮಗಳಿಗೆ ಆರು ತುಂಬಿದೆ. ವಾಕರ್ ಹಿಡಿದು ಜಗಲಿಯಿಂದ ಅಡುಗೆಮನೆಯವರೆಗೆ ನಡೆಯುತ್ತಾಳೆ. ಅದು ಬಸ್ಸಿನಿಂದಾಯಿತೋ, ವ್ಯಾಯಾಮದಿಂದಾಯಿತೋ, ಬೆಳವಣಿಗೆಯಿಂದಲೇ ಆಯಿತೋ ಎಂದು ಬೇರ್ಪಡಿಸಿ ಹೇಳುವವನು ನಾನಲ್ಲ. ಮೊದಲ ಆಸನ ಚಿಕ್ಕದಾಗಿ, ಕಳೆದ ವರ್ಷ ಎರಡನೆಯ ಬಾರಿ ಅವಳ ಬೆನ್ನಿನ ಅಚ್ಚು ತೆಗೆದೆವು. ಎರಡನ್ನೂ ಕಪಾಟಿನ ಮೇಲೆ ಅಕ್ಕಪಕ್ಕ ಇಟ್ಟಿದ್ದೇನೆ.

ಈಚೆಗೆ ಪಕ್ಕದೂರಿನ ತಾಯಿಯೊಬ್ಬರು ತಮ್ಮ ಐದು ವರ್ಷದ ಮಗನನ್ನು ಎತ್ತಿಕೊಂಡು ಬಂದರು. ಹಳೆಯ ಆಸನವನ್ನು ಕೊಡಲು ಮುಂದಾದೆ. ಕೂರಿಸಿ ನೋಡಿದರೆ ಅವನ ಬೆನ್ನಿಗೂ ಅದಕ್ಕೂ ಎಲ್ಲಿಯೂ ಹೊಂದಿಕೆಯಿಲ್ಲ. ಬಸ್ಸಿನ ಪೆಟ್ಟಿಗೆಯ ಅಚ್ಚು ಮಾತ್ರ ಇನ್ನೂ ಗಟ್ಟಿಯಾಗಿದೆ, ಮೇಣ ತಿಕ್ಕಿದರೆ ಇನ್ನೂ ಹಲವು ಬಸ್ಸುಗಳನ್ನು ಕೊಟ್ಟೀತು. ಶನಿವಾರ ಪ್ಲಾಸ್ಟರ್ ಪಟ್ಟಿ ತರಿಸಿದ್ದೇನೆ. ಗುರುಗಳೂ ಥೆರಪಿಸ್ಟರೂ ಬರುತ್ತಾರೆ. ಹುಡುಗ ಕೇಳಿರುವುದು ಹಸಿರು ಬಸ್ಸು. ಅವನಿಗೆ ಗುಂಡಿ ಬಲಗಡೆಗೆ.