ಓಡಿದರೆ ಓಡಲಿ

ಮಗ ಓದಲು ಅಮೆರಿಕದ ಬಫಲೋಗೆ ಹೋದ ಮೇಲೆ ಫೋನಿನಲ್ಲಿ ಅವನ ಮಾತು, "ಊಟ ಆಯ್ತಮ್ಮಾ, ಇಡ್ಲಾ?" ಅಷ್ಟೇ. ಒಂದು ಭಾನುವಾರ ಅಲ್ಲಿಯ ಫುಟ್‌ಬಾಲ್ ಬಗ್ಗೆ ಕೇಳಿದೆ ನೋಡಿ, ಮುಕ್ಕಾಲು ಗಂಟೆ ಬಿಡಲಿಲ್ಲ! (ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಆ ಹೆಸರು ಯಾಕೋ!)

ಅವನು ಹೇಳಿದ್ದು 1991ರ ಜನವರಿ 27ರ ಸೂಪರ್ ಬೌಲ್ ಕಥೆ. ಬಫಲೋ ಬಿಲ್ಸ್ ತಂಡದವರು ಎದುರಾಳಿಗೆ ಉಸಿರಾಡಲೂ ಬಿಡದೆ ಸರಸರನೆ ಆಡುವವರು. ಜಿಮ್ ಕೆಲ್ಲಿಯ ಎಸೆತಗಳೆಂದರೆ ಎಲ್ಲರಿಗೂ ಭಯ. ನ್ಯೂಯಾರ್ಕ್ ಜೈಂಟ್ಸ್ ತಂಡದ ರಕ್ಷಣೆ ನೋಡಿಕೊಳ್ಳುತ್ತಿದ್ದ ಬಿಲ್ ಬೆಲಿಚಿಕ್ ಯೋಚನೆಯೇ ಬೇರೆ. ಥರ್ಮನ್ ಥಾಮಸ್ ಚೆಂಡು ಹಿಡಿದು ಓಡಿದರೆ ಓಡಲಿ, ಎಸೆತ ಮಾತ್ರ ಸಾಗಬಾರದು. ಮುಂದಿನ ಸಾಲಲ್ಲಿ ಜನ ಕಡಿಮೆ ಮಾಡಿ ಹಿಂದೆ ಹೆಚ್ಚು ನಿಲ್ಲಿಸಿದರು. ಎಸೆತ ಹಿಡಿದವರನ್ನು ಅಲ್ಲೇ ಕೆಡವಿದರು. ಥಾಮಸ್ 135 ಗಜ ಓಡಿದ, ನಿಜ. ಆದರೆ 60 ನಿಮಿಷದಲ್ಲಿ 40 ನಿಮಿಷಕ್ಕೂ ಹೆಚ್ಚು ಚೆಂಡು ಜೈಂಟ್ಸ್ ಕೈಯಲ್ಲೇ! ಚೆಂಡೇ ಸಿಗದಿದ್ದರೆ ಗೆಲ್ಲೋದೆಲ್ಲಿಂದ? ಕೊನೆಗೆ ಬಿಲ್ಸ್‌ನವರು 47 ಗಜದಿಂದ ಒದ್ದ ಚೆಂಡು ಕಂಬದ ಬಲಕ್ಕೆ ಹೋಯಿತು. ಜೈಂಟ್ಸ್ 20, ಬಿಲ್ಸ್ 19.

ಆಮೇಲಿಂದ ನಾನೂ ತಿಂಡಿ, ತಲೆಗೆ ಎಣ್ಣೆ, ತಡವಾಗಿ ಮಲಗೋದು, ಎಲ್ಲ ಕೇಳೋದು ಬಿಟ್ಟೆ. ಹೋದ ವಾರ ಒಂದೇ ಒಂದು ಕೇಳಿದೆ: "ಓದು ಮುಗಿದ ಮೇಲೆ ಊರಿಗೆ ಬರ್ತೀಯೇನಪ್ಪಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆದರೆ "ಇಡ್ಲಾ" ಅನ್ನಲಿಲ್ಲ.